ತಾರಸಿಯಲ್ಲಿ ತರಕಾರಿ: ದಿನಕ್ಕೆರಡು ಬಾರಿ ಗಿಡ ನೋಡುವವರಿಗೆ ಒಂದು ಕೈಪಿಡಿ

ಮನೆಯಲ್ಲಿ ತರಕಾರಿ ಬೆಳೆಯಲು ಹೊರಟವರು ಮೊದಲು ವಿಚಾರಿಸುವುದು ಗೊಬ್ಬರವನ್ನು, ಆಮೇಲೆ ಬೀಜವನ್ನು. ಎರಡೂ ಬೇಕಾದವೇ. ಆದರೆ ಹೊಲದ ಗಿಡಕ್ಕೂ ಕುಂಡದ ಗಿಡಕ್ಕೂ ಇರುವ ಒಂದು ವ್ಯತ್ಯಾಸವನ್ನು ಅದಕ್ಕೂ ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಹೊಲದ ಗಿಡ ನೀರು ಸಾಲದಾದಾಗ ಬೇರನ್ನು ಆಳಕ್ಕೆ ಇಳಿಸುತ್ತದೆ, ಒಂದು ಕಡೆ ಸಾರ ತೀರಿದರೆ ಇನ್ನೊಂದು ಕಡೆಗೆ ಚಾಚುತ್ತದೆ. ಕುಂಡದ ಗಿಡದ ಬೇರು ಒಂದಡಿ ಇಳಿಯುವಷ್ಟರಲ್ಲಿ ತಳ ಮುಟ್ಟಿರುತ್ತದೆ, ಆಮೇಲೆ ಅದಕ್ಕೆ ಬೇಕಾದುದೆಲ್ಲ ನಮ್ಮ ಕೈಯಿಂದಲೇ ಬರಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೆಟ್ಟಿಲು ಹತ್ತಿ ಪ್ರತಿ ಗಿಡದ ಚಿಗುರು, ಎಲೆಯ ಅಡಿಭಾಗ, ಹೂವು ಮತ್ತು ಮಣ್ಣನ್ನು ನೋಡುವ ಅಭ್ಯಾಸವೇ ತಾರಸಿ ತೋಟದ ಮುಖ್ಯ ಸಾಧನವೆಂದು ನಾನು ನಂಬಿದ್ದೇನೆ. ಮನೆಯವರು ಅದನ್ನು ಗೀಳು ಎಂದು ಕರೆದರೂ ಅಡ್ಡಿಯಿಲ್ಲ. ಆ ಗೀಳನ್ನು ಎಲ್ಲಿ, ಯಾವ ಹೊತ್ತಿನಲ್ಲಿ, ಯಾವುದರ ಮೇಲೆ ಹರಿಸಿದರೆ ಅಡುಗೆಮನೆಗೆ ತರಕಾರಿ ಬರುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಬೆಂಗಳೂರಿನ ಹವೆಯನ್ನು ಗಮನದಲ್ಲಿಟ್ಟುಕೊಂಡು ಬರೆದದ್ದರಿಂದ, ಕರಾವಳಿಯವರು ಮತ್ತು ಉತ್ತರ ಕರ್ನಾಟಕದವರು ಮಳೆ ಮತ್ತು ಬಿಸಿಲಿನ ತಿಂಗಳುಗಳನ್ನು ತಮ್ಮ ಊರಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ.

ಜಾಗ ಮತ್ತು ಭಾರ

ಮೊದಲ ಕುಂಡವನ್ನು ಕೊಳ್ಳುವ ಮುನ್ನ ತಾರಸಿಯ ಮೇಲೆ ಬಿಸಿಲು ಬೀಳುವ ಜಾಗಗಳನ್ನು ಒಂದು ದಿನ ಪೂರ್ತಿ ಗಮನಿಸಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆ ಮತ್ತು ಎಲ್ಲ ಬಳ್ಳಿಗಳಿಗೆ ದಿನಕ್ಕೆ ಐದಾರು ಗಂಟೆಯ ನೇರ ಬಿಸಿಲು ಬೇಕು. ಸೊಪ್ಪುಗಳು ಮೂರು ನಾಲ್ಕು ಗಂಟೆಯ ಬಿಸಿಲಿನಲ್ಲೂ ಚೆನ್ನಾಗಿ ಬರುತ್ತವೆ. ಬಸಳೆ ಮತ್ತು ದೊಡ್ಡಪತ್ರೆಯಂಥವು ನೀರಿನ ಟ್ಯಾಂಕಿನ ಪಕ್ಕದ ಅರೆನೆರಳಿನಲ್ಲೂ ಬೇಸರವಿಲ್ಲದೆ ಬೆಳೆಯುತ್ತವೆ.

ಭಾರದ ವಿಷಯದಲ್ಲಿ ಉದಾಸೀನ ಸಲ್ಲದು. ಜನ ಓಡಾಡುವ ತಾರಸಿಗೆ ನಮ್ಮ ದೇಶದ ಕಟ್ಟಡ ಮಾನದಂಡದಲ್ಲಿ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಬರಿಯ ಮಣ್ಣು ತುಂಬಿದ ದೊಡ್ಡ ಕುಂಡಗಳನ್ನು ಒತ್ತೊತ್ತಾಗಿ ಇಟ್ಟು ನೀರು ಹಾಕಿದರೆ ಈ ಮಿತಿ ಬಹಳ ಬೇಗ ದಾಟಿಹೋಗುತ್ತದೆ. ಆದ್ದರಿಂದ ಮಣ್ಣಿಗೆ ಹಗುರವಾದ ವಸ್ತುಗಳನ್ನು ಬೆರೆಸಬೇಕು, ದೊಡ್ಡ ಚೀಲಗಳನ್ನು ತೊಲೆ ಮತ್ತು ಗೋಡೆಗಳು ಹಾದುಹೋಗುವ ಅಂಚುಗಳ ಮೇಲೆ ಇಡಬೇಕು, ನಡುವಿನ ಭಾಗವನ್ನು ಸೊಪ್ಪಿನ ಆಳವಿಲ್ಲದ ತಟ್ಟೆಗಳಿಗೆ ಬಿಡಬೇಕು. ಮನೆ ಹಳೆಯದಾಗಿದ್ದರೆ ಕಟ್ಟಡದ ಎಂಜಿನಿಯರರನ್ನು ಒಮ್ಮೆ ಕರೆಸಿ ಕೇಳುವುದು ಒಳ್ಳೆಯದು. ಪ್ರತಿ ಕುಂಡವನ್ನೂ ಇಟ್ಟಿಗೆಯ ಅಥವಾ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎತ್ತಿಟ್ಟರೆ ಹೆಚ್ಚಿನ ನೀರು ಸರಾಗವಾಗಿ ಹರಿದುಹೋಗುತ್ತದೆ, ತಾರಸಿಯ ನೆಲವೂ ಒಣಗುತ್ತದೆ, ಕೆಳಗಿನ ಕೋಣೆಯ ಚಾವಣಿಯಲ್ಲಿ ತೇವದ ಕಲೆ ಮೂಡುವುದಿಲ್ಲ.

ಮಣ್ಣು

ಕೆಮ್ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು: ಈ ಮಿಶ್ರಣದಿಂದ ಆರಂಭಿಸಿದವರಿಗೆ ನಿರಾಶೆಯಾಗುವುದು ಕಡಿಮೆ. ಅಂಗಡಿಯಲ್ಲಿ ಕೊಕೊಪೀಟ್ ಎಂದು ಇಟ್ಟಿಗೆಯಂತೆ ಒತ್ತಿ ಮಾರುವ ನಾರಿನ ಪುಡಿಯಲ್ಲಿ ಉಪ್ಪಿನ ಅಂಶ ಉಳಿದಿರುವ ಸಾಧ್ಯತೆಯಿರುತ್ತದೆ. ಅದನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಆ ನೀರನ್ನು ಚೆಲ್ಲಿ, ಎರಡು ಮೂರು ಬಾರಿ ಹೀಗೆಯೇ ತೊಳೆದ ಮೇಲೆ ಬಳಸಬೇಕು. ಇಪ್ಪತ್ತು ಲೀಟರಿನ ಒಂದು ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿದರೆ ಬೇರಿನ ಹುಳುಗಳ ಕಾಟ ಕಡಿಮೆಯಾಗುತ್ತದೆ. ಹಸಿ ಸಗಣಿಯನ್ನು ನೇರವಾಗಿ ಬೆರೆಸಬಾರದು. ಅದು ಕೊಳೆಯುವಾಗ ಹುಟ್ಟುವ ಶಾಖ ಎಳೆಯ ಬೇರನ್ನು ಸುಡುತ್ತದೆ, ಗೊಣ್ಣೆಹುಳುಗಳೂ ಅದರ ಜೊತೆಯಲ್ಲೇ ಬರುತ್ತವೆ.

ಗೊಬ್ಬರವನ್ನು ಮನೆಯಲ್ಲೇ ಮಾಡಿಕೊಳ್ಳುವುದು ಈ ಹವ್ಯಾಸದ ಅರ್ಧ ಸುಖ ಎನ್ನಬಹುದು. ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ, ಸೋಸಿ ಉಳಿದ ಟೀ ಪುಡಿ ಮುಂತಾದ ಹಸಿ ಕಸವನ್ನು ರಂಧ್ರಗಳಿರುವ ಡ್ರಮ್ಮಿಗೆ ಹಾಕಿ, ಪ್ರತಿ ಸಲವೂ ಅದರ ಮೇಲೆ ಎರಡರಷ್ಟು ಒಣ ಎಲೆ ಮುಚ್ಚಿ. ವಾಸನೆ ಬಂದರೆ ಒಣ ವಸ್ತು ಸಾಲದು ಎಂದೂ, ವಾರಗಟ್ಟಲೆ ಏನೂ ಬದಲಾಗದಿದ್ದರೆ ತೇವ ಸಾಲದು ಎಂದೂ ತಿಳಿಯಿರಿ. ಆಗಾಗ ತಿರುವಿ ಹಾಕುತ್ತಿದ್ದರೆ ಎರಡು ತಿಂಗಳ ಹೊತ್ತಿಗೆ ಮಳೆ ಬಿದ್ದ ನೆಲದ ಪರಿಮಳವಿರುವ ಕಪ್ಪು ಗೊಬ್ಬರ ಸಿಗುತ್ತದೆ.

ಒಮ್ಮೆ ತುಂಬಿದ ಮಣ್ಣು ವರ್ಷವಿಡೀ ಗಿಡವನ್ನು ಸಾಕುವುದಿಲ್ಲ. ಹೂವು ಕಾಣಿಸಿಕೊಂಡ ಮೇಲೆ ಹದಿನೈದು ದಿನಕ್ಕೊಮ್ಮೆ ಒಂದೆರಡು ಹಿಡಿ ಗೊಬ್ಬರ ಮೇಲುಮಣ್ಣಿಗೆ ಕೊಡಬೇಕು. ಕಡಲೆಕಾಯಿ ಹಿಂಡಿಯನ್ನು ಎರಡು ಮೂರು ದಿನ ನೆನೆಸಿ, ತಿಳಿಯನ್ನು ಹತ್ತರಷ್ಟು ನೀರಿಗೆ ಬೆರೆಸಿ ಹಾಕುವುದೂ ಒಳ್ಳೆಯದು. ಎಲೆಗಳು ದಟ್ಟ ಹಸಿರಾಗಿ ಸೊಕ್ಕಿ ಬೆಳೆದು ಹೂವೇ ಕಾಣದಿದ್ದರೆ, ಅದು ಸಾರಜನಕ ಹೆಚ್ಚಾದ ಗುರುತು. ಆಗ ಹಿಂಡಿಯ ನೀರನ್ನು ನಿಲ್ಲಿಸಬೇಕು.

ಯಾವುದನ್ನು, ಯಾವಾಗ

ಮನೆಯವರು ವಾರಕ್ಕೆರಡು ಬಾರಿಯಾದರೂ ತಿನ್ನುವ ತರಕಾರಿಗಳ ಪಟ್ಟಿ ಮಾಡಿ, ಅದರಿಂದ ನಾಲ್ಕೈದನ್ನು ಮಾತ್ರ ಮೊದಲ ವರ್ಷಕ್ಕೆ ಆರಿಸಿಕೊಳ್ಳಿ. ಬೀಜದ ಅಂಗಡಿಗೆ ಹೋದವರಿಗೆ ಪ್ರತಿ ಪೊಟ್ಟಣವೂ ಬೇಕೆನಿಸುತ್ತದೆ. ಬ್ರೊಕೊಲಿ, ನೂಲ್‌ಕೋಲ್, ಕೆಂಪು ಎಲೆಕೋಸುಗಳ ಮೇಲೆ ಆಸೆ ಹುಟ್ಟುವುದು ಸಹಜ. ಆದರೆ ಎಲೆಕೋಸಿನ ಗಿಡ ಒಂದು ಚೀಲವನ್ನು ಮೂರು ತಿಂಗಳು ಹಿಡಿದಿಟ್ಟುಕೊಂಡು ಒಂದು ದಿನದ ಪಲ್ಯವನ್ನಷ್ಟೇ ಕೊಡುತ್ತದೆ. ಅದೇ ಅಳತೆಯ ಚೀಲದ ಬದನೆ ಗಿಡ ತಿಂಗಳುಗಟ್ಟಲೆ ಕಾಯಿ ಬಿಡುತ್ತದೆ. ತಾರಸಿಯ ಜಾಗ ಚಿಕ್ಕದಾದಷ್ಟೂ ಈ ಲೆಕ್ಕ ಮುಖ್ಯವಾಗುತ್ತದೆ.

ಹೊಸಬರಿಗೆ ಧೈರ್ಯ ಕೊಡುವುದು ಸೊಪ್ಪು. ಮೆಂತ್ಯ ಮೂರು ನಾಲ್ಕು ವಾರಕ್ಕೆ, ದಂಟು ಮತ್ತು ಹರಿವೆ ಸುಮಾರು ಒಂದು ತಿಂಗಳಿಗೆ ಕಟಾವಿಗೆ ಬರುತ್ತವೆ. ಕೊತ್ತಂಬರಿ ಬೀಜವೆಂದು ನಾವು ಕರೆಯುವುದು ನಿಜವಾಗಿ ಎರಡು ಬೀಜಗಳಿರುವ ಕಾಯಿ. ಅದನ್ನು ಅಂಗೈಯಲ್ಲಿ ಅಥವಾ ಚಪ್ಪಲಿಯ ಅಡಿಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ, ಹತ್ತು ಹನ್ನೆರಡು ದಿನ ತಾಳ್ಮೆಯಿಂದ ತೇವ ಕಾಪಾಡಿ. ಏಪ್ರಿಲ್ ಬಿಸಿಲಿಗೆ ಕೊತ್ತಂಬರಿ ಬೇಗ ಹೂವಿಗೆ ಹೋಗುತ್ತದೆಯಾದ್ದರಿಂದ ತಂಪಿನ ತಿಂಗಳುಗಳಲ್ಲಿ ಅದನ್ನು ಧಾರಾಳವಾಗಿ ಬೆಳೆದುಕೊಳ್ಳಿ. ಬಸಳೆಗಂತೂ ಬೀಜವೇ ಬೇಡ. ಮಾರುಕಟ್ಟೆಯಿಂದ ತಂದ ಕಟ್ಟಿನಲ್ಲಿ ಬಲಿತ ದಂಟನ್ನು ಒಂದು ಗೇಣು ಕತ್ತರಿಸಿ ನೆಟ್ಟರೆ ಸಾಕು. ಎಲ್ಲ ಸೊಪ್ಪನ್ನೂ ಒಂದೇ ದಿನ ಬಿತ್ತದೆ, ಹತ್ತು ಹದಿನೈದು ದಿನಗಳ ಅಂತರದಲ್ಲಿ ಒಂದೊಂದು ತಟ್ಟೆ ಬಿತ್ತುವುದು ಜಾಣತನ.

ಬೆಂಡೆ ಬೀಜವನ್ನು ರಾತ್ರಿ ನೆನೆಸಿ ಬೆಳಿಗ್ಗೆ ಬಿತ್ತಿ. ಬೆಂಡೆಯ ದೊಡ್ಡ ಶತ್ರು ಹಳದಿ ನರದ ನಂಜುರೋಗ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಆ ರೋಗವನ್ನು ತಡೆಯುವ ಗುಣಕ್ಕಾಗಿಯೇ ಬೆಳೆಸಿದ್ದು. ಒಂದೆರಡು ಬೆಂಡೆ ಗಿಡದಿಂದ ಒಂದು ಹೊತ್ತಿನ ಸಾರಿಗೂ ಕಾಯಿ ಕೂಡಿಬರುವುದಿಲ್ಲ, ಎಂಟು ಹತ್ತು ಗಿಡ ಇರಬೇಕು. ಹೂವು ಅರಳಿ ಐದಾರು ದಿನಕ್ಕೆ ಕಾಯಿ ಕೊಯ್ಲಿಗೆ ಬರುತ್ತದೆ, ಇನ್ನೆರಡು ದಿನ ಬಿಟ್ಟರೆ ನಾರಾಗುತ್ತದೆ. ಒಂದು ದಿನ ಬಿಟ್ಟು ಒಂದು ದಿನ ಕೊಯ್ಯುವವರಿಗೆ ಮಾತ್ರ ಈ ಗಿಡ ಒಲಿಯುತ್ತದೆ.

ಟೊಮೆಟೊವನ್ನು ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಬಿತ್ತಿ, ಸುಮಾರು 25 ದಿನದ ಸಸಿಯನ್ನು ಕೆಳಗಿನ ಎಲೆಗಳನ್ನು ತೆಗೆದು ಕಾಂಡದ ಅರ್ಧದವರೆಗೆ ಮಣ್ಣಿನಲ್ಲಿ ಮುಳುಗಿಸಿ ನೆಡಿ. ಹೂತ ಕಾಂಡದಿಂದಲೂ ಬೇರು ಹೊರಡುತ್ತದೆ. ಬೇಸಿಗೆಯ ಬಿಸಿ ರಾತ್ರಿಗಳಲ್ಲಿ ಹೂವು ಉದುರಿ ಕಾಯಿ ಕಟ್ಟುವುದು ಕಡಿಮೆಯಾಗುವುದರಿಂದ ಚಳಿಗಾಲವೇ ಅದಕ್ಕೆ ಹಿತ. ಬೆಳಗಿನ ಹೊತ್ತು ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಪರಾಗ ಉದುರಿ ಕಾಯಿ ಹೆಚ್ಚು ನಿಲ್ಲುತ್ತವೆ.

ಅವರೆಯ ಮಾತು ಬೇರೆಯೇ. ನಾಟಿ ಅವರೆ ಹಗಲು ಚಿಕ್ಕದಾಗುವುದನ್ನು ಕಂಡ ಮೇಲೆಯೇ ಹೂ ಬಿಡುವ ಗಿಡ. ಫೆಬ್ರವರಿಯಲ್ಲಿ ಬಿತ್ತಿದರೆ ತಿಂಗಳುಗಟ್ಟಲೆ ಬಳ್ಳಿಯಷ್ಟೇ ಬೆಳೆಯುತ್ತದೆ. ಜುಲೈ ಅಥವಾ ಆಗಸ್ಟ್‌ನಲ್ಲಿ ಬಿತ್ತಿದರೆ ಧನುರ್ಮಾಸದ ಚಳಿಗೆ ಸೊನೆ ತುಂಬಿದ ಕಾಯಿ ಸಿಗುತ್ತದೆ. ವರ್ಷದ ಬೇರೆ ಕಾಲದಲ್ಲೂ ಬೇಕೆನ್ನುವವರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4ರಂತಹ, ಹಗಲಿನ ಉದ್ದವನ್ನು ಲೆಕ್ಕಿಸದ ಗಿಡ್ಡ ತಳಿಯನ್ನು ಬಿತ್ತಬಹುದು. ಆದರೂ ಇಬ್ಬನಿಯಲ್ಲಿ ನೆನೆದ ನಾಟಿ ಅವರೆಯ ಘಮವನ್ನು ನಾನು ಅದರೊಡನೆ ಹೋಲಿಸಲಾರೆ.

ಬಳ್ಳಿಗಳು ಮತ್ತು ಹೂವಿನ ಹೊತ್ತು

ತಾರಸಿ ತೋಟದಲ್ಲಿ ಅತ್ಯಂತ ಹೆಚ್ಚು ಆಸೆ ಹುಟ್ಟಿಸುವವೂ ಅತ್ಯಂತ ಹೆಚ್ಚು ದೂರು ಕೇಳಿಸುವವೂ ಹೀರೆ, ಹಾಗಲ, ಸೋರೆ, ಪಡವಲ, ಕುಂಬಳದ ಬಳ್ಳಿಗಳು. ಬಳ್ಳಿ ಚಪ್ಪರದ ತುಂಬ ಹಬ್ಬಿದೆ, ಹೂವು ಬೇಕಾದಷ್ಟು ಬಿಡುತ್ತಿದೆ, ಕಾಯಿ ಮಾತ್ರ ಒಂದೂ ಇಲ್ಲ ಎಂಬ ದೂರಿಗೆ ಗೊಬ್ಬರದಲ್ಲಿ ಉತ್ತರ ಹುಡುಕಬಾರದು. ಈ ಬಳ್ಳಿಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಎರಡೂ ಒಂದೇ ಬಳ್ಳಿಯಲ್ಲಿ ಬಿಡುತ್ತವೆ, ಆದರೆ ಮೊದಲ ಒಂದೆರಡು ವಾರ ಬರುವುದೆಲ್ಲ ಗಂಡು ಹೂವುಗಳೇ. ಆ ದಿನಗಳಲ್ಲಿ ಸುಮ್ಮನೆ ಕಾಯುವುದೊಂದೇ ದಾರಿ. ಹೂವಿನ ಎಸಳಿನ ಕೆಳಗೆ, ತೊಟ್ಟಿನ ಜಾಗದಲ್ಲಿ ಬೆರಳುದ್ದದ ಮರಿಗಾಯಿ ಕಂಡರೆ ಅದು ಹೆಣ್ಣು ಹೂವು. ಬರಿಯ ತೆಳುವಾದ ತೊಟ್ಟಿದ್ದರೆ ಗಂಡು.

ಹೆಣ್ಣು ಹೂವು ಬಂದ ಮೇಲೆಯೂ ಮರಿಗಾಯಿ ಹಳದಿಯಾಗಿ ಉದುರಿದರೆ, ಪರಾಗಸ್ಪರ್ಶ ಆಗಿಲ್ಲವೆಂದು ಅರ್ಥ. ಮೂರು ನಾಲ್ಕನೆಯ ಮಹಡಿಯ ತಾರಸಿಗೆ ಜೇನು ಮತ್ತು ದುಂಬಿಗಳು ಸಾಕಷ್ಟು ಬರುವುದಿಲ್ಲ, ಆ ಕೆಲಸವನ್ನು ನಾವೇ ಮಾಡಬೇಕು. ಇದರಲ್ಲಿ ಹೊತ್ತನ್ನು ಅರಿಯುವುದೇ ಮುಖ್ಯ. ಹಾಗಲ, ಸೌತೆ, ಸಿಹಿಗುಂಬಳ ಮತ್ತು ತುಪ್ಪದ ಹೀರೆಯ ಹೂಗಳು ಮುಂಜಾನೆ ಅರಳುತ್ತವೆ, ಬಿಸಿಲೇರುತ್ತಿದ್ದಂತೆ ಬಾಡತೊಡಗುತ್ತವೆ. ಬೆಳಿಗ್ಗೆ ಒಂಬತ್ತರೊಳಗೆ ಅವುಗಳ ಬಳಿ ಇರಬೇಕು. ಏಣುಗಳಿರುವ ನಮ್ಮ ಸಾಮಾನ್ಯ ಹೀರೆಯ ಹಳದಿ ಹೂವು ಮತ್ತು ಸೋರೆಯ ಬಿಳಿ ಹೂವು ಅರಳುವುದು ಸಂಜೆ. ಪಡವಲದ ಜಾಲರಿಯಂಥ ಎಸಳು ಬಿಚ್ಚಿಕೊಳ್ಳುವುದು ಕತ್ತಲಾಗುವ ಹೊತ್ತಿಗೆ. ಬೆಳಿಗ್ಗೆ ಮಾತ್ರ ತಾರಸಿಗೆ ಹೋಗುವವರಿಗೆ ಹೀರೆ ಕಾಯಿ ಕಟ್ಟದಿರುವುದರ ಗುಟ್ಟು ಇದೇ. ಸಂಜೆ ಆರರ ಸುಮಾರಿಗೆ ಹತ್ತಿ ಹೋದರೆ, ಬೆಳಿಗ್ಗೆ ಮುಚ್ಚಿಕೊಂಡಿದ್ದ ಮೊಗ್ಗುಗಳು ಒಂದರ ಹಿಂದೊಂದು ಬಿಚ್ಚಿಕೊಳ್ಳುವುದನ್ನು ಕಣ್ಣಾರೆ ಕಾಣಬಹುದು. ನಿತ್ಯವೂ ಅದನ್ನು ನೋಡಲೆಂದೇ ಕಾಯುವವರನ್ನು ನಾನು ಬಲ್ಲೆ, ನಾನೂ ಅವರಲ್ಲಿ ಒಬ್ಬ.

ಅಂದೇ ಅರಳಿದ ಗಂಡು ಹೂವನ್ನು ತೊಟ್ಟಿನ ಸಮೇತ ಕಿತ್ತು, ಎಸಳುಗಳನ್ನು ಹಿಂದಕ್ಕೆ ಮಡಚಿ, ನಡುವಿನ ಹಳದಿ ಪರಾಗವನ್ನು ಹೆಣ್ಣು ಹೂವಿನ ನಡುವೆ ಇರುವ ಅಂಟಂಟಾದ ಭಾಗಕ್ಕೆ ನಾಲ್ಕೂ ಕಡೆ ತಾಗುವಂತೆ ಮೃದುವಾಗಿ ಸವರಿ. ಒಂದು ಗಂಡು ಹೂವು ಎರಡು ಮೂರು ಹೆಣ್ಣು ಹೂಗಳಿಗೆ ಸಾಕಾಗುತ್ತದೆ. ಪರಾಗ ಎಲ್ಲ ಕಡೆ ತಾಗದಿದ್ದರೆ ಕಾಯಿ ಒಂದು ಪಕ್ಕ ಊದಿ ಇನ್ನೊಂದು ಪಕ್ಕ ಸೊಟ್ಟಗಾಗುತ್ತದೆ. ಮೂರು ನಾಲ್ಕು ದಿನದಲ್ಲಿ ಮರಿಗಾಯಿ ದಪ್ಪವಾಗಿ ಕೆಳಗೆ ಬಾಗಿದರೆ ಕೆಲಸ ಫಲಿಸಿದೆ. ಹೀರೆಯಾದರೆ ಅಲ್ಲಿಂದ ಒಂದು ವಾರದೊಳಗೆ, ಉಗುರು ಸುಲಭವಾಗಿ ಇಳಿಯುವಷ್ಟು ಎಳೆಯದಿರುವಾಗಲೇ ಕೊಯ್ಯಬೇಕು. ಒಂದು ಕಾಯನ್ನು ಬಲಿಯಲು ಬಿಟ್ಟರೆ ಬಳ್ಳಿಯ ಶಕ್ತಿಯೆಲ್ಲ ಅದರ ಬೀಜಕ್ಕೆ ಹರಿದು ಹೊಸ ಕಾಯಿಗಳು ಕಡಿಮೆಯಾಗುತ್ತವೆ.

ಈ ಬಳ್ಳಿಗಳಿಗೆ ನಲವತ್ತು ಲೀಟರಿಗೆ ಕಡಿಮೆಯಿಲ್ಲದ ಚೀಲ ಬೇಕು, ಒಂದು ಚೀಲಕ್ಕೆ ಎರಡಕ್ಕಿಂತ ಹೆಚ್ಚು ಬಳ್ಳಿ ಬೇಡ. ಸೋರೆಯ ಮುಖ್ಯ ಕಾಂಡ ಚಪ್ಪರವನ್ನು ಮುಟ್ಟಿದೊಡನೆ ತುದಿಯನ್ನು ಚಿವುಟಿದರೆ ಪಕ್ಕದ ಕವಲುಗಳು ಒಡೆಯುತ್ತವೆ, ಹೆಣ್ಣು ಹೂವು ಹೆಚ್ಚಾಗಿ ಬರುವುದು ಆ ಕವಲುಗಳಲ್ಲಿಯೇ. ತೊಂಡೆಯಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಕಾಯಿ ಬಿಡುತ್ತಿರುವ ಬಳ್ಳಿಯಿಂದ ಪೆನ್ಸಿಲ್ ದಪ್ಪದ ತುಂಡನ್ನೇ ತಂದು ನೆಡಬೇಕು, ಬೀಜದಿಂದ ಬೆಳೆಸಲು ಹೋಗಬಾರದು.

ಸೋರೆಕಾಯಿಯ ಬಗ್ಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಅಡುಗೆಗೆ ಮುನ್ನ ಒಂದು ಚೂರನ್ನು ನಾಲಗೆಗೆ ಮುಟ್ಟಿಸಿ ನೋಡಿ, ಕಹಿಯಿದ್ದರೆ ಇಡೀ ಕಾಯನ್ನು ಎಸೆದುಬಿಡಿ. ಕಹಿ ಸೋರೆಯಲ್ಲಿರುವ ಕುಕರ್ಬಿಟಾಸಿನ್ ಎಂಬ ವಿಷ ಬೇಯಿಸಿದರೂ ನಾಶವಾಗುವುದಿಲ್ಲ. ಕಹಿ ಸೋರೆಯ ರಸ ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ಸೌತೆಕಾಯಿ ಅಸಹಜವಾಗಿ ಕಹಿಯಾಗಿದ್ದರೂ ಇದೇ ನಿಯಮ.

ನೀರು

ಮೇಲ್ಮಣ್ಣು ಒಣಗಿದಂತೆ ಕಂಡರೂ ಒಳಗೆ ತೇವವಿರಬಹುದು. ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿ. ಹಾಕುವಾಗ ತಳದ ರಂಧ್ರದಿಂದ ಹೊರಬರುವಷ್ಟು ಹಾಕಿ. ಮಾರ್ಚ್‌ನಿಂದ ಮೇ ವರೆಗೆ ದಿನಕ್ಕೆರಡು ಬಾರಿ ಬೇಕಾಗುತ್ತದೆ, ಮಧ್ಯಾಹ್ನದ ಬಿಸಿಲಿಗೆ ಎಳೆಯ ಗಿಡಗಳಿಗೆ 50 ಪ್ರತಿಶತದ ಹಸಿರು ನೆರಳುಪರದೆ ಕಟ್ಟುವುದು ಒಳ್ಳೆಯದು. ಒಣ ಎಲೆಯನ್ನು ಎರಡಂಗುಲ ದಪ್ಪಕ್ಕೆ ಹೊದಿಸಿದರೆ ನೀರಿನ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ.

ಟೊಮೆಟೊ ಕಾಯಿಯ ಅಡಿಯಲ್ಲಿ ಕಪ್ಪು ಕಲೆ ಬಿದ್ದರೆ ಹಲವರು ರೋಗವೆಂದು ಔಷಧಿ ಹುಡುಕುತ್ತಾರೆ. ಅದು ಕಾಯಿಗೆ ಸುಣ್ಣದ ಅಂಶ ತಲುಪದಿರುವ ಲಕ್ಷಣ. ಮಣ್ಣಿನಲ್ಲಿ ಸುಣ್ಣವಿದ್ದರೂ, ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿದರೆ ಬೇರು ಅದನ್ನು ಒಯ್ಯಲಾರದು. ನೀರನ್ನು ಒಂದೇ ಸಮನಾಗಿ ಕೊಡತೊಡಗಿದರೆ ಮುಂದಿನ ಕಾಯಿಗಳು ಶುದ್ಧವಾಗಿ ಬರುತ್ತವೆ. ಸೆಪ್ಟೆಂಬರ್ ಅಕ್ಟೋಬರ್‌ನ ಜೋರುಮಳೆ ಕುಂಡದ ಸಾರವನ್ನು ತೊಳೆದುಕೊಂಡು ಹೋಗುವುದರಿಂದ, ಮಳೆ ಬಿಡುವು ಕೊಟ್ಟೊಡನೆ ಎಲ್ಲ ಗಿಡಕ್ಕೂ ಒಂದೊಂದು ಹಿಡಿ ಗೊಬ್ಬರ ಕೊಡಲು ಮರೆಯಬೇಡಿ.

ಎಲೆಯ ಅಡಿ

ಕೀಟಗಳನ್ನು ಹುಡುಕಬೇಕಾದುದು ಎಲೆಯ ಮೇಲಲ್ಲ, ಅಡಿಯಲ್ಲಿ. ಮೆಣಸಿನ ಗಿಡದ ಎಲೆ ಅಂಚು ಮೇಲಕ್ಕೆ ಮಡಚಿ ದೋಣಿಯಂತಾದರೆ ಅದು ಥ್ರಿಪ್ಸ್ ನುಸಿಯ ಕೆಲಸ, ಕೆಳಕ್ಕೆ ಮಡಚಿಕೊಂಡರೆ ಮೈಟ್ ನುಸಿಯದು. ಬೇವಿನೆಣ್ಣೆ ಐದು ಮಿಲಿಲೀಟರ್, ಸೋಪಿನ ದ್ರಾವಣ ಒಂದೆರಡು ಮಿಲಿಲೀಟರ್, ನೀರು ಒಂದು ಲೀಟರ್ ಬೆರೆಸಿ, ಸಂಜೆ ಬಿಸಿಲು ಇಳಿದ ಮೇಲೆ ಎಲೆಯಡಿ ಪೂರ್ತಿ ತೊಯ್ಯುವಂತೆ ವಾರಕ್ಕೊಮ್ಮೆ ಸಿಂಪಡಿಸಿ. ಹಿಟ್ಟುತಿಗಣೆ ಒಂದೆರಡು ಕಂಡಾಗಲೇ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೊಳೆದುಬಿಡುವುದು ಎಲ್ಲ ಔಷಧಿಗಿಂತ ಮೇಲು. ಅವುಗಳನ್ನು ಹೊತ್ತು ತರುವ ಇರುವೆಗಳ ದಾರಿಯನ್ನೂ ಕಡಿಯಬೇಕು. ಬದನೆಯ ಎಳೆ ಚಿಗುರು ಒಂದು ಬೆಳಿಗ್ಗೆ ಕಾರಣವಿಲ್ಲದೆ ಬಾಗಿ ಬಾಡಿದ್ದರೆ ಒಳಗೆ ಕಾಂಡಕೊರಕ ಹುಳು ಸೇರಿದೆ. ಬಾಡಿದ ಭಾಗಕ್ಕಿಂತ ಒಂದಂಗುಲ ಕೆಳಗೆ ಕತ್ತರಿಸಿ ನಾಶ ಮಾಡಿ. ಆ ದಿನ ಬಿಟ್ಟರೆ ಅದೇ ಹುಳುವಿನ ಸಂತತಿ ಕಾಯಿಯೊಳಗೆ ಸಿಗುತ್ತದೆ. ಹಾಗಲ ಮತ್ತು ಹೀರೆಯ ಮರಿಗಾಯಿಗೆ ಹಣ್ಣುನೊಣ ಚುಚ್ಚದಂತೆ, ಪರಾಗಸ್ಪರ್ಶವಾದ ಮರುದಿನವೇ ಸಡಿಲವಾದ ಕಾಗದದ ಕೊಳವೆ ಅಥವಾ ಬಟ್ಟೆಯ ಚೀಲ ತೊಡಿಸಿ.

ಕಪ್ಪು ಮೈಯ ಮೇಲೆ ಕಿತ್ತಳೆ ಚುಕ್ಕೆಗಳಿರುವ, ಮುಳ್ಳುಮುಳ್ಳಾದ, ಚುರುಕಾಗಿ ಓಡಾಡುವ ಪುಟ್ಟ ಹುಳುವನ್ನು ಕಂಡು ಹೊಸಬರು ಹೆದರಿ ಕೊಲ್ಲುತ್ತಾರೆ. ಅದು ಗುಲಗಂಜಿ ಹುಳುವಿನ ಮರಿ, ಸಸ್ಯಹೇನುಗಳನ್ನು ದಿನವಿಡೀ ತಿನ್ನುವ ಮಿತ್ರ. ಅದು ಇರುವ ಗಿಡಕ್ಕೆ ಏನನ್ನೂ ಸಿಂಪಡಿಸಬೇಡಿ. ಎಲೆ ಮುರುಟಿ ಗಿಡ ಕುಳ್ಳಾದ ಟೊಮೆಟೊವನ್ನು ಮಾತ್ರ ಉಳಿಸಿಕೊಳ್ಳಲು ಯತ್ನಿಸಬಾರದು. ಅದು ಬಿಳಿನೊಣ ಹರಡುವ ನಂಜುರೋಗ, ಮದ್ದಿಲ್ಲ; ಪಕ್ಕದ ಗಿಡಗಳ ಸಲುವಾಗಿ ಅದನ್ನು ಅಂದೇ ಕಿತ್ತುಹಾಕಬೇಕು. ಟೊಮೆಟೊ, ಬದನೆ, ಮೆಣಸು ಮೂರೂ ಒಂದೇ ಕುಟುಂಬದವಾದ್ದರಿಂದ ಒಂದು ಬೆಳೆ ತೆಗೆದ ಮಣ್ಣಿಗೆ ಇನ್ನೊಂದನ್ನು ಹಾಕದೆ, ನಡುವೆ ಅಲಸಂದೆಯನ್ನೋ ಸೊಪ್ಪನ್ನೋ ಬೆಳೆಯಿರಿ.

ಬೀಜ ಉಳಿಸುವುದು

ಪೊಟ್ಟಣದ ಮೇಲೆ ಎಫ್1 ಅಥವಾ ಹೈಬ್ರಿಡ್ ಎಂದಿದ್ದರೆ ಅದರ ಕಾಯಿಯಿಂದ ಬೀಜ ಉಳಿಸಿ ಪ್ರಯೋಜನವಿಲ್ಲ. ಮುಂದಿನ ಪೀಳಿಗೆ ತಾಯಿಯಂತೆ ಇರುವುದಿಲ್ಲ. ನಾಟಿ ತಳಿಗಳನ್ನು ಬೆಳೆದವರಿಗೆ ಈ ಸುಖ ಮೀಸಲು. ಉಡುಪಿಯ ಮಟ್ಟು ಗುಳ್ಳದಂತಹ ಬದನೆ ಒಂದು ಊರಿನ ರೈತರು ವರ್ಷ ವರ್ಷವೂ ಬೀಜ ಕಾಪಾಡಿಕೊಂಡು ಬಂದುದರಿಂದಲೇ ಇಂದಿಗೂ ಉಳಿದಿದೆ. ಅತ್ಯಂತ ಆರೋಗ್ಯವಾಗಿರುವ ಗಿಡವನ್ನು ಮೊದಲೇ ಗುರುತಿಸಿ ದಾರ ಕಟ್ಟಿ, ಅದರ ಒಂದೆರಡು ಕಾಯಿಗಳನ್ನು ಪೂರ್ತಿ ಬಲಿಯಲು ಬಿಡಿ. ಅವರೆ, ಅಲಸಂದೆ, ಬೆಂಡೆಗಳನ್ನು ಗಿಡದಲ್ಲೇ ಒಣಗಿಸಬೇಕು. ಟೊಮೆಟೊ ಬೀಜವನ್ನು ತಿರುಳಿನ ಸಮೇತ ಎರಡು ಮೂರು ದಿನ ಲೋಟದಲ್ಲಿಟ್ಟು ಹುಳಿಯಾಗಲು ಬಿಟ್ಟು, ಸುತ್ತಲಿನ ಲೋಳೆ ಕರಗಿದ ಮೇಲೆ ತೊಳೆದು ಒಣಗಿಸಬೇಕು. ಬಳ್ಳಿ ತರಕಾರಿಗಳಲ್ಲಿ ಅಕ್ಕಪಕ್ಕದ ತಳಿಗಳ ಪರಾಗ ಬೆರೆಯುತ್ತದೆ; ಬೀಜಕ್ಕೆಂದು ಆರಿಸಿದ ಹೆಣ್ಣು ಮೊಗ್ಗನ್ನೂ ಒಂದು ಗಂಡು ಮೊಗ್ಗನ್ನೂ ಅರಳುವ ಮುನ್ನವೇ ಬಟ್ಟೆಯಿಂದ ಮುಚ್ಚಿ, ಅರಳಿದಾಗ ಕೈಯಿಂದ ಪರಾಗ ತಾಗಿಸಿ, ಮತ್ತೆ ಮುಚ್ಚಿ ಗುರುತು ಹಾಕಬೇಕು.

ಬೀಜವನ್ನು ನೆರಳಿನಲ್ಲಿ ಒಂದು ವಾರ ಒಣಗಿಸಿ, ಶುದ್ಧವಾದ ಕಟ್ಟಿಗೆ ಬೂದಿಯನ್ನು ಬೆರೆಸಿ, ಗಾಳಿಯಾಡದ ಗಾಜಿನ ಸೀಸೆಯಲ್ಲಿ ತಂಪಾದ ಕತ್ತಲೆಯ ಜಾಗದಲ್ಲಿಡಿ. ಸೀಸೆಯ ಮೇಲೆ ತಳಿಯ ಹೆಸರನ್ನೂ ಕೊಯ್ದ ತಿಂಗಳನ್ನೂ ವರ್ಷವನ್ನೂ ಬರೆಯಿರಿ. ಬಿತ್ತುವ ಹದಿನೈದು ದಿನ ಮೊದಲು ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಏಳಕ್ಕಿಂತ ಕಡಿಮೆ ಮೊಳೆತರೆ ಆ ಸಲ ಎರಡರಷ್ಟು ಬೀಜ ಬಿತ್ತಿ. ಒಂದೇ ಮನೆಯ ಬೀಜ ಇಲಿಗೋ ತೇವಕ್ಕೋ ಬಲಿಯಾಗುವುದುಂಟಾದ್ದರಿಂದ, ನಿಮ್ಮಲ್ಲಿ ಇರುವುದರ ಅರ್ಧವನ್ನು ತೋಟ ಮಾಡುವ ಇನ್ನಿಬ್ಬರಿಗೆ ಕೊಟ್ಟಿಡಿ.